ಬರಿಗೈ ನಡಿಗೆ

ನಮ್ಮ ಸಾಗರದ ಕಡೆ ಬರಿಗೈಯಲ್ಲಿ ಕಾಡಿಗೆ ಹೋಗುವವನನ್ನು ಯಾರೂ ನಂಬುವುದಿಲ್ಲ. ಕತ್ತಿ ಹಿಡಿದವನು ಸೊಪ್ಪಿಗೆ ಹೊರಟವನು, ಹೆಡಿಗೆ ಹೊತ್ತವನು ದರಕಿಗೆ, ಕೊಕ್ಕೆಯವನು ಅಪ್ಪೆಮಿಡಿಗೆ. ಕೈಯಲ್ಲಿ ಏನೂ ಇಲ್ಲವೆಂದರೆ ದನ ತಪ್ಪಿಸಿಕೊಂಡಿದೆ ಎಂದೇ ಅರ್ಥ. ಹಾಗಾಗಿ ಸಂಕ್ರಾಂತಿ ಕಳೆದ ಒಂದು ಬೆಳಿಗ್ಗೆ ನಾನು ಸುಮ್ಮನೆ ಕಾನಿನ ಕಡೆ ಹೊರಟಾಗ ಅತ್ತೆ ಅಂಗಳದಿಂದಲೇ ಕೂಗಿದರು: "ಎಂತ ಕಳ್ಕೊಂಡ್ಯೋ ಮಾರಾಯ?"

ಕಳೆದುಕೊಳ್ಳಬೇಕಾದದ್ದು ಒಂದಿಷ್ಟು ಬಿ.ಪಿ. ಎನ್ನಲು ನಾಚಿಕೆಯಾಯಿತು.

ಬೆಂಗಳೂರಿನಲ್ಲಿ ನಾನು ನಡೆಯುವುದಿಲ್ಲ, ಎಣಿಸುತ್ತೇನೆ. ಪಾರ್ಕಿನಲ್ಲಿ ಸುತ್ತಿ ಸುತ್ತಿ ಹತ್ತು ಸಾವಿರ ಹೆಜ್ಜೆ ಮುಟ್ಟಿಸಿದರೆ ಮಣಿಕಟ್ಟಿನ ಗಡಿಯಾರ ಗುರ್ರೆಂದು ಬೆನ್ನು ತಟ್ಟುತ್ತದೆ. ಈ ಹತ್ತು ಸಾವಿರ ಯಾವ ವೈದ್ಯರ ಲೆಕ್ಕವೂ ಅಲ್ಲವಂತೆ. 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರವೊಂದರ ಹೆಸರು. ಅದೇ ಜಪಾನಿನ ಅರಣ್ಯ ಇಲಾಖೆ 1982ರಲ್ಲಿ 'ಶಿನ್ರಿನ್ ಯೊಕು' ಎಂಬ ಮಾತು ಹೊರಡಿಸಿತು. ಎಂದರೆ ಕಾಡಿನಲ್ಲಿ ಮೀಯುವುದು. ಓಡಬೇಡಿ, ಮರಗಳ ನಡುವೆ ನಿಧಾನ ನಡೆಯಿರಿ, ಮೂಸಿ, ಮುಟ್ಟಿ, ಕೇಳಿ ಎಂದು. ಎಣಿಸಲು ಕಲಿಸಿದ ದೇಶವೇ ಎಣಿಕೆ ಮರೆಯಲೂ ಹೇಳಿಕೊಟ್ಟಿತು.

ನಮ್ಮ ಕಾನಿನಲ್ಲಿ ಮೀಯಲಿಕ್ಕೂ ಮುಹೂರ್ತ ನೋಡಬೇಕು. ಮಳೆಗಾಲದಲ್ಲಿ ನಿಂತರೆ ಉಂಬಳ ಹತ್ತುತ್ತದೆ. ಧ್ಯಾನ ಅದಕ್ಕೆ ಊಟದ ಕರೆ. ಪುಷ್ಯದಲ್ಲಿ ಆ ಭಯವಿಲ್ಲ. ಆದರೆ ಕಾಲಡಿಯ ದರಕು ಹಪ್ಪಳದಂತೆ ಮುರಿದು ಇಡೀ ಕಾಡಿಗೆ ನನ್ನ ಆಗಮನವನ್ನು ಸಾರುತ್ತದೆ. ನಾನು ನಿಂತ ಮೇಲೆಯೇ ಕಾಡು ಮತ್ತೆ ಮಾತಿಗೆ ಶುರುವಾದದ್ದು. ತಲೆಯ ಮೇಲೆ ಮಂಗಟ್ಟೆಯೊಂದು ರೆಕ್ಕೆಯಿಂದ ಗಾಳಿ ಸೀಳುತ್ತ ಹೋಯಿತು. ಕಣ್ಣಿನ ಮಟ್ಟದ ಕೊಂಬೆಯಲ್ಲಿ ಚಗಳಿ ಇರುವೆಗಳು ಗೂಡು ಕಟ್ಟುತ್ತಿದ್ದವು. ಒಂದು ಸಾಲು ಎರಡು ಎಲೆಗಳ ಅಂಚನ್ನು ಕಚ್ಚಿ ಎಳೆದು ಹಿಡಿದಿತ್ತು. ಇನ್ನೊಂದು ಚಗಳಿ ತನ್ನ ಬಿಳಿ ಮರಿಹುಳುವನ್ನು ಬಾಯಲ್ಲಿ ಕಚ್ಚಿಕೊಂಡು ಈ ಅಂಚಿಗೊಮ್ಮೆ, ಆ ಅಂಚಿಗೊಮ್ಮೆ ಮುಟ್ಟಿಸುತ್ತಿತ್ತು. ಮುಟ್ಟಿಸಿದಲ್ಲೆಲ್ಲ ಮರಿಯಿಂದ ರೇಷ್ಮೆಯೆಳೆ. ತೊಟ್ಟಿಲ ಕೂಸೇ ಮಗ್ಗದ ಲಾಳಿ! ನೋಡುತ್ತ ಎಷ್ಟು ಹೊತ್ತು ನಿಂತೆನೋ, ಒಂದು ಕೆಂಪನೆಯದು ಕತ್ತಿಗೆ ಕಚ್ಚಿ ಎಚ್ಚರಿಸಿತು.

ಮನೆಗೆ ಬರುವಾಗ ಬಿಸಿಲೇರಿತ್ತು. ಗಡಿಯಾರದಲ್ಲಿ ಒಟ್ಟು ಎಂಟುನೂರು ಹೆಜ್ಜೆ.

"ಎಂತ ತಂದೆ?" ಅತ್ತೆ ಕೇಳಿದರು. ನಾನು ಕತ್ತು ಕೆರೆದುಕೊಂಡೆ.

"ಓ, ಆ ತಿರುವಿನ ಕೊಂಬೆಯದ್ದಾ? ಮೊನ್ನೆ ಮೂರೇ ಎಲೆ ಹೊಲಿದಿದ್ದವು. ಈಗ ಎಷ್ಟಾಗಿದೆ?"

ಒಂದು ಹೆಡಿಗೆ ದರಕು ತರಲು ಅತ್ತೆಗೆ ಇಡೀ ಬೆಳಗು ಯಾಕೆ ಬೇಕೆಂದು ಮಾವ ವರ್ಷಗಟ್ಟಲೆ ಗೊಣಗಿದ್ದುಂಟು. ನಾನು ದನಿ ತಗ್ಗಿಸಿ ಹೇಳಿದೆ: "ಐದು."