ಕಾಗೋಡಿನ ಕೊಳಗ

ಜೋಗದ ಜಲಪಾತವನ್ನು ನೋಡಲು ಹೊರಡುವವರಲ್ಲಿ ಹೆಚ್ಚಿನವರು ಸಾಗರದಲ್ಲಿ ಕಾಫಿ ಕುಡಿಯುವಷ್ಟು ಹೊತ್ತು ಮಾತ್ರ ನಿಲ್ಲುತ್ತಾರೆ. ವಿರಾಮವುಳ್ಳವರು ಇಕ್ಕೇರಿಯ ಅಘೋರೇಶ್ವರನನ್ನು ಕಂಡು, ಗುಡಿಗಾರರ ಗಂಧದ ಕೆತ್ತನೆಯನ್ನು ಕೊಂಡು ಮುಂದೆ ಸಾಗುವುದುಂಟು. ಅದೇ ತಾಲ್ಲೂಕಿನ ಕಾಗೋಡನ್ನು ಹುಡುಕಿಕೊಂಡು ಹೋಗುವವರು ವಿರಳ. ಅಲ್ಲಿ ಶಿಲ್ಪವೈಭವವಿಲ್ಲ, ಗದ್ದೆಗಳಿವೆ, ಅಡಿಕೆಯ ತೋಟಗಳಿವೆ, ಹೆಂಚಿನ ಮನೆಗಳಿವೆ. ಆದರೂ ಕನ್ನಡ ನಾಡಿನ ರೈತನ ಚರಿತ್ರೆಯನ್ನು ಬರೆಯುವವರು ಈ ಊರನ್ನು ಬಿಟ್ಟು ಬರೆಯುವಂತಿಲ್ಲ.

ಇಲ್ಲಿನ ದೀವರ ಒಕ್ಕಲುಗಳು ಭೂಮಾಲೀಕರ ಗದ್ದೆಯನ್ನು ಗೇಣಿಗೆ ಉಳುತ್ತಿದ್ದರು. ಗೇಣಿಯ ಭತ್ತವನ್ನು ಅಳೆಯುವ ಕೊಳಗ ಹಿರಿದಾಗಿತ್ತೆಂಬುದು ಅವರ ದೂರು. ಸರಿಯಾದ ಅಳತೆಯನ್ನು ಕೇಳಿದವರ ಕೈಯಿಂದ ಭೂಮಿಯೇ ತಪ್ಪಿತು. 1951ರ ಏಪ್ರಿಲ್ ತಿಂಗಳಲ್ಲಿ ಅವರು ನೇಗಿಲು ಹೊತ್ತು ಅದೇ ಗದ್ದೆಗಳಿಗೆ ಇಳಿದರು, ತಂಡತಂಡವಾಗಿ ಬಂಧನಕ್ಕೊಳಗಾದರು. ಎಚ್. ಗಣಪತಿಯಪ್ಪನವರು ಕಟ್ಟಿದ ಈ ಸತ್ಯಾಗ್ರಹಕ್ಕೆ ಶಾಂತವೇರಿ ಗೋಪಾಲಗೌಡರೂ ಅವರ ಸಮಾಜವಾದಿ ಮಿತ್ರರೂ ಬೆಂಬಲವಾಗಿ ನಿಂತರು. ಜೂನ್ ತಿಂಗಳಲ್ಲಿ ರಾಮಮನೋಹರ ಲೋಹಿಯಾ ಅವರೇ ಬಂದು ಸೆರೆಯಾದರು. ಮರುವರ್ಷದ ಚುನಾವಣೆಯಲ್ಲಿ ಗೋಪಾಲಗೌಡರು ಶಾಸನಸಭೆಯನ್ನು ಪ್ರವೇಶಿಸಿದರು.

ಆ ಸೀಮೆಯನ್ನು ನನಗೆ ತೋರಿಸಿದವರು ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು. ಸತ್ಯಾಗ್ರಹದ ಕಾಲಕ್ಕೆ ಅವರು ಎಂಟು ವರ್ಷದ ಬಾಲಕ. ಅವರ ತಂದೆ ಸೆರೆಮನೆಯಿಂದ ಬಂದ ವಾರದಲ್ಲಿಯೇ ಮಗನನ್ನು ಶಾಲೆಗೆ ಸೇರಿಸಿದರಂತೆ. “ಅಳತೆ ಓದಲು ಬಾರದವನನ್ನು ಯಾರು ಬೇಕಾದರೂ ಅಳೆಯಬಹುದು ಎಂದು ಅಪ್ಪ ಹೇಳುತ್ತಿದ್ದರು, ಮೇಷ್ಟ್ರೆ” ಎಂದರು ಹಿರಿಯರು.

ಬೆಳಿಗ್ಗೆ ಪತ್ರಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಓದುವುದು, ಬಳಿಕ ತೋಟದಲ್ಲಿ ಒಂದು ಸುತ್ತು: ಇದು ಅವರ ನಿತ್ಯವಿಧಿ. ಆ ತೋಟವೂ ಅದರ ಕೆಳಗಿನ ಗದ್ದೆಯೂ ಅವರಿಗೆ ಬಂದ ಬಗೆಯನ್ನು ಅವರೇ ವಿವರಿಸಿದರು. ದೇವರಾಜ ಅರಸರ ಸರ್ಕಾರ ತಂದ ತಿದ್ದುಪಡಿಯಂತೆ 1974ರ ಮಾರ್ಚ್ 1ರಂದು ಗೇಣಿಯ ಭೂಮಿಯೆಲ್ಲ ಸರ್ಕಾರಕ್ಕೆ ಸೇರಿತು. ಉಳುವವನು ಏಳನೆಯ ನಮೂನೆಯಲ್ಲಿ ಅರ್ಜಿ ಹಾಕಬೇಕು. ಭೂನ್ಯಾಯಮಂಡಳಿ ವಿಚಾರಿಸಿ ತೀರ್ಪು ಕೊಡಬೇಕು. ಮಂಡಳಿಯ ಮುಂದೆ ವಕೀಲರು ವಾದಿಸುವಂತಿರಲಿಲ್ಲ. ಓದುಬರಹ ಕಲಿತ ಮಗನೇ ತಂದೆಯ ಅರ್ಜಿಯನ್ನು ಬರೆದುಕೊಟ್ಟಿದ್ದನು.

“ಅಲ್ಲಿಗೆ ನ್ಯಾಯ ಪೂರ್ತಿಯಾಯಿತಲ್ಲವೆ?” ಎಂದೆ.

ಅವರು ಕೂಡಲೆ ಉತ್ತರ ಕೊಡಲಿಲ್ಲ. “ಗೇಣಿದಾರನಿಗೆ ಭೂಮಿ ಬಂತು. ಗೇಣಿದಾರನ ಗದ್ದೆಯಲ್ಲಿ ಕೂಲಿ ಮಾಡುತ್ತಿದ್ದವನಿಗೆ ಯಾವ ನಮೂನೆಯೂ ಇರಲಿಲ್ಲ” ಎಂದು ಹೇಳಿ, ನನ್ನನ್ನು ಅಂಗಳಕ್ಕೆ ಕರೆದುಕೊಂಡು ಹೋದರು.

ಅಡಿಕೆಯ ಸುಗ್ಗಿ. ಐದಾರು ಹೆಂಗಸರು ಮೆಟ್ಟುಗತ್ತಿಯ ಮುಂದೆ ಕುಳಿತು ಹಸಿ ಅಡಿಕೆ ಸುಲಿಯುತ್ತಿದ್ದರು. ಸುಲಿದವರಿಗೆ ಕೂಲಿ ಡಬ್ಬದ ಲೆಕ್ಕದಲ್ಲಿ. ಡಬ್ಬವನ್ನು ಬಾಯಿಮಟ್ಟಕ್ಕೆ ತುಂಬುವುದೋ, ಗೋಪುರವಾಗಿ ತುಂಬುವುದೋ ಎಂಬುದರ ಮೇಲೆ ಒಬ್ಬಳ ದಿನದ ಸಂಪಾದನೆ ಏರಿಳಿಯುತ್ತದೆ. “ಕೊಳಗ ಹೋಯಿತು, ಡಬ್ಬ ಬಂತು. ಅಂದು ಅಳೆಸಿಕೊಳ್ಳುವವರು ನಾವು. ಇಂದು ಅಳೆಯುವವರು ನಾವು. ಆದ್ದರಿಂದ ನಮ್ಮ ಮನೆಯಲ್ಲಿ ಸುಲಿದವರೇ ಅಳೆಯುತ್ತಾರೆ, ಬಾಯಿಮಟ್ಟಕ್ಕೆ” ಎಂದರು. ಊರಿನ ರೂಢಿ ಕೆಡಿಸಿದರೆಂದು ನೆರೆಯ ಇಬ್ಬರು ಅವರೊಡನೆ ಮಾತು ಬಿಟ್ಟಿರುವರಂತೆ. ಅವರಲ್ಲೊಬ್ಬರ ತಂದೆಯೂ 1951ರಲ್ಲಿ ಸೆರೆಮನೆ ಕಂಡವರೇ.

ಹಿರಿಯರಿಗೆ ಇನ್ನೊಂದು ಚಿಂತೆಯಿದೆ. 2020ರ ತಿದ್ದುಪಡಿಯ ಬಳಿಕ ಕೃಷಿಕರಲ್ಲದವರೂ ಕೃಷಿಭೂಮಿಯನ್ನು ಕೊಳ್ಳಬಹುದು. ಬೆಂಗಳೂರಿನಲ್ಲಿರುವ ಮಗ ಗದ್ದೆಯನ್ನು ಮಾರೋಣವೆನ್ನುತ್ತಾನೆ. “ಅವನನ್ನು ದೂರಲಾರೆ. ಓದಿ ಊರು ಬಿಡು ಎಂದವನು ನಾನೇ. ಆದರೆ ಅಪ್ಪ ಸೆರೆಮನೆಗೆ ಹೋದದ್ದು ಮಾರುವ ಹಕ್ಕಿಗಾಗಿಯೋ, ಉಳುವ ಹಕ್ಕಿಗಾಗಿಯೋ?”

ಕಾನೂನು ಈ ಪ್ರಶ್ನೆಗೆ ಎರಡು ಬಗೆಯ ಉತ್ತರವನ್ನು ಕೊಟ್ಟಿದೆ. ಅವರ ಅಂಗಳದಲ್ಲಿ ಮಾತ್ರ ಸಂಜೆಯ ಲೆಕ್ಕ ಸಾಗಿತ್ತು. ವಯಸ್ಸಾದ ಹೆಂಗಸೊಬ್ಬಳು ಡಬ್ಬವನ್ನು ತುಂಬಿ, ಮೇಲೆ ಉಳಿದ ಅಡಿಕೆಯನ್ನು ಅಂಗೈಯಿಂದ ಸವರಿ ಬುಟ್ಟಿಗೆ ಕೆಡವಿದಳು. ಮೇಷ್ಟ್ರು ಚೀಟಿಯಲ್ಲಿ ಅವಳು ಹೇಳಿದ ಅಂಕಿಯನ್ನೇ ಬರೆದುಕೊಂಡರು.