ಕೌಂಟಿಯ ಕಡತದಲ್ಲಿ ಒಬ್ಬ ತಾಯಿಯ ಹೆಸರು

ಅಮೆರಿಕದಲ್ಲಿ ತಮ್ಮ ಪೂರ್ವಿಕರನ್ನು ಹುಡುಕಲು ಹೊರಟವರು ಪರಸ್ಪರ ಕೇಳಿಕೊಳ್ಳುವ ಮೊದಲ ಪ್ರಶ್ನೆ ‘ಯಾವ ಕೌಂಟಿ?’ ಎಂಬುದು. ಕೌಂಟಿಯನ್ನು ನಾವು ಜಿಲ್ಲೆ ಎಂದು ಕರೆಯುವುದು ವಾಡಿಕೆ. ಆದರೆ ವಿಸ್ತಾರದಲ್ಲಿ ಅದು ನಮ್ಮ ತಾಲ್ಲೂಕಿಗೇ ಹೆಚ್ಚು ಹತ್ತಿರ. ವರ್ಜೀನಿಯಾ ಎಂಬ ಒಂದೇ ರಾಜ್ಯದಲ್ಲಿ 95 ಕೌಂಟಿಗಳಿವೆ. ಮದುವೆ, ಉಯಿಲು, ಕ್ರಯಪತ್ರ, ಸಾಲದ ತಕರಾರು, ಅನಾಥ ಮಕ್ಕಳ ಪೋಷಣೆಯ ಆಜ್ಞೆ, ಇವೆಲ್ಲವೂ ಅಲ್ಲಿ ತಲೆತಲಾಂತರದಿಂದ ಕೌಂಟಿಯ ನ್ಯಾಯಾಲಯದಲ್ಲಿಯೇ ದಾಖಲಾಗುತ್ತ ಬಂದಿವೆ. ಆ ನ್ಯಾಯಾಲಯದ ‘ಕ್ಲರ್ಕ್’ ಎಂದರೆ ನಮ್ಮ ಗುಮಾಸ್ತರಂತಹವರಲ್ಲ, ಜನರೇ ಮತ ಹಾಕಿ ಆರಿಸುವ ಅಧಿಕಾರಿ. ಕಡತಗಳನ್ನು ಕಾಯುವುದೇ ಅವರ ಧರ್ಮ. ಯಾರು ಬೇಕಾದರೂ ಹೋಗಿ ಕೇಳಬಹುದು, ಕುಳಿತು ಓದಬಹುದು.

ಈ ಸಂಗತಿಗಳೆಲ್ಲ ನನಗೆ ತಿಳಿದದ್ದು 2023ರಲ್ಲಿ, ಮಗಳ ಮನೆಯಲ್ಲಿ ಐದು ತಿಂಗಳು ಇದ್ದಾಗ. ಅವಳಿರುವುದು ವರ್ಜೀನಿಯಾದ ಲೌಡನ್ ಕೌಂಟಿಯಲ್ಲಿ. ಕಂಪ್ಯೂಟರ್ ಉದ್ಯೋಗವನ್ನು ಅರಸಿ ಹೋದ ನಮ್ಮವರು ಅಲ್ಲಿ ಬಹಳ ಮಂದಿ. ಸಂಜೆ ಉದ್ಯಾನದಲ್ಲಿ ಅಡ್ಡಾಡುವಾಗ ಕನ್ನಡವೂ ಕಿವಿಗೆ ಬೀಳುತ್ತದೆ. ಪಕ್ಕದ ಬೀದಿಯಲ್ಲಿ ಒಬ್ಬ ಕರಿಯ ಜನಾಂಗದ ಮಹಿಳೆ ಇದ್ದರು. ಎಂಬತ್ತರ ಸಮೀಪದ ವಯಸ್ಸು. ನನ್ನಂತೆಯೇ ನಿವೃತ್ತರಾದ ಶಾಲಾಶಿಕ್ಷಕಿ. ಮಗಳ ಬಾಯಿಂದ ಕೇಳಿ ಕಲಿತು ನನ್ನನ್ನು ‘ಮೇಷ್ಟ್ರೇ’ ಎಂದೇ ಕರೆಯುತ್ತಿದ್ದರು. ಅವರ ಹೆಸರನ್ನಾಗಲಿ ಅವರ ಮನೆತನದ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲವೆಂದು ಮಾತು ಕೊಟ್ಟಿದ್ದೇನೆ. ತಮ್ಮ ಮುತ್ತಜ್ಜನ ತಾಯಿ ಯಾರು ಎಂಬ ಒಂದೇ ಪ್ರಶ್ನೆಯನ್ನು ಹಿಡಿದು ಅವರು ಹನ್ನೊಂದು ವರ್ಷಗಳಿಂದ ಹುಡುಕುತ್ತಿದ್ದರು.

ಹುಡುಕುವವರಿಗೆ ಎದುರಾಗುವ ಮೊದಲ ತೊಡಕು ಗಡಿಗಳದು. ಲೌಡನ್ 1757ರಲ್ಲಿ ಫೇರ್‌ಫ್ಯಾಕ್ಸ್ ಕೌಂಟಿಯಿಂದ ಬೇರೆಯಾಯಿತು. ಆ ಫೇರ್‌ಫ್ಯಾಕ್ಸ್ 1742ರಲ್ಲಿ ಪ್ರಿನ್ಸ್ ವಿಲಿಯಂ ಕೌಂಟಿಯಿಂದ ಒಡೆದು ಬಂದದ್ದು. ಒಂದೇ ಜಮೀನಿನ ಪತ್ರಗಳಿಗಾಗಿ ಮೂರು ಊರುಗಳಿಗೆ ಅಲೆಯಬೇಕು. ಇದನ್ನು ಆಕೆ ವಿವರಿಸುವಾಗ ನನಗೆ ನಗು ಬಂದಿತು. ನಮ್ಮ ಹರಪನಹಳ್ಳಿ ತಾಲ್ಲೂಕು ಬಳ್ಳಾರಿ ಜಿಲ್ಲೆಯಲ್ಲಿತ್ತು. 1997ರಲ್ಲಿ ದಾವಣಗೆರೆಗೆ ಸೇರಿತು. 2018ರಲ್ಲಿ ಮರಳಿ ಬಳ್ಳಾರಿಗೆ ಬಂದಿತು. 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ. 1953ಕ್ಕೆ ಮುಂಚೆ ಮದ್ರಾಸ್ ಪ್ರಾಂತ್ಯದ್ದು. ನಮ್ಮ ತಂದೆಯವರು ಕಟ್ಟಿಸಿದ ಮನೆಯ ಗೋಡೆ ಒಂದು ಗೇಣೂ ಕದಲಲಿಲ್ಲ. ಜಿಲ್ಲೆ ಮಾತ್ರ ಅದರ ತಲೆಯ ಮೇಲೆ ಹೀಗೆ ಓಡಾಡಿತು. ಈ ಕಥೆ ಕೇಳಿ ಆಕೆಗೆ ನನ್ನ ಮೇಲೆ ವಿಶ್ವಾಸ ಹೆಚ್ಚಾಯಿತೆಂದು ತೋರುತ್ತದೆ.

ಎರಡನೆಯ ತೊಡಕು ಗೋಡೆಯಂತಹುದು. ಆ ದೇಶದಲ್ಲಿ ಹತ್ತು ವರ್ಷಗಳಿಗೊಮ್ಮೆ ನಡೆಯುವ ಜನಗಣತಿಯ ಮೂಲ ಹಾಳೆಗಳನ್ನು 72 ವರ್ಷಗಳ ನಂತರ ಸಾರ್ವಜನಿಕರಿಗೆ ತೆರೆಯುತ್ತಾರೆ. 1950ರ ಗಣತಿ 2022ರಲ್ಲಿ ಹೊರಬಂದಿತು. ಅಲ್ಲಿಂದ ಹಿಮ್ಮುಖವಾಗಿ, ತಲೆಮಾರಿನಿಂದ ತಲೆಮಾರಿಗೆ, ಮೆಟ್ಟಿಲಿಳಿದಂತೆ ಹೋಗಬಹುದು. 1890ರ ಮೆಟ್ಟಿಲು ಮಾತ್ರ ಇಲ್ಲ. ಆ ಹಾಳೆಗಳಲ್ಲಿ ಬಹುಪಾಲು 1921ರಲ್ಲಿ ವಾಷಿಂಗ್ಟನ್ನಿನ ಸರ್ಕಾರಿ ಕಟ್ಟಡವೊಂದರಲ್ಲಿ ಬೆಂಕಿಗೆ ಸಿಕ್ಕಿ ಹಾಳಾದವು. ಅದನ್ನು ದಾಟಿ ಇಳಿದರೆ 1880, ಅನಂತರ 1870. ಕರಿಯರಿಗೆ ಆ ಮೆಟ್ಟಿಲಿನ ಕೆಳಗೆ ನೆಲವೇ ಇಲ್ಲ. 1850 ಮತ್ತು 1860ರ ಗಣತಿಗಳಲ್ಲಿ ಗುಲಾಮರಿಗೆಂದೇ ಬೇರೆ ಪಟ್ಟಿಗಳಿದ್ದವು. ಅವುಗಳಲ್ಲಿ ಒಡೆಯನ ಹೆಸರುಂಟು. ಅದರ ಕೆಳಗೆ ‘ಹೆಣ್ಣು, 30, ಕಪ್ಪು’; ‘ಗಂಡು, 4, ಕಪ್ಪು’ ಎಂಬ ಸಾಲುಗಳಷ್ಟೇ ಸಾಮಾನ್ಯವಾಗಿ ಸಿಗುವುದು. ಹೆಸರಿಲ್ಲ. ಆಕೆಯೂ ಹನ್ನೊಂದು ವರ್ಷಗಳಿಂದ ಇಲ್ಲಿಯೇ ನಿಂತಿದ್ದರು.

ಗಣತಿ ಸುಮ್ಮನಾದಲ್ಲಿ ಕೌಂಟಿ ಮಾತನಾಡಬಹುದು ಎಂಬುದು ಅನುಭವಿಗಳ ಮಾತು. ಆದರೆ ಕಡತಗಳು ಉಳಿದಿರಬೇಕಲ್ಲವೇ? ಅಂತರ್ಯುದ್ಧದಲ್ಲಿ ವರ್ಜೀನಿಯಾದ ಎಷ್ಟೋ ಕೌಂಟಿಗಳು ತಮ್ಮ ಪುಸ್ತಕಗಳನ್ನು ಕಳೆದುಕೊಂಡವು. ಸುರಕ್ಷಿತವಾಗಿರಲೆಂದು ರಾಜಧಾನಿ ರಿಚ್ಮಂಡ್‌ಗೆ ಕಳುಹಿಸಿದವರ ಪುಸ್ತಕಗಳು 1865ರ ಏಪ್ರಿಲ್ ತಿಂಗಳಲ್ಲಿ ಆ ನಗರವೇ ಹೊತ್ತಿ ಉರಿದಾಗ ಬೂದಿಯಾದವು. ‘ಸುಟ್ಟ ಕೌಂಟಿಗಳು’ ಎಂಬ ಮಾತೇ ವಂಶಶೋಧಕರ ನಡುವೆ ಬಳಕೆಯಲ್ಲಿದೆ. ಲೌಡನ್ ಮಾತ್ರ ಬಚಾವಾಯಿತು. 1862ರಲ್ಲಿ ಅಲ್ಲಿನ ಕ್ಲರ್ಕ್ ಪುಸ್ತಕಗಳನ್ನೆಲ್ಲ ಬಂಡಿಗೆ ಹೇರಿಕೊಂಡು ದಕ್ಷಿಣಕ್ಕೆ ಸಾಗಿಸಿ, ಯುದ್ಧ ಮುಗಿದ ಮೇಲೆ ಹಿಂದಕ್ಕೆ ತಂದನು. ಭೂಮಾಲಿಕರ ಹಕ್ಕುಪತ್ರಗಳು ಉಳಿಯಲಿ ಎಂಬುದೇ ಆ ಶ್ರಮದ ಉದ್ದೇಶವಾಗಿದ್ದಿರಬೇಕು. ಆ ಭೂಮಾಲಿಕರು ಆಳಿದ ಮನುಷ್ಯರ ಮರಿಮಕ್ಕಳು ಮುಂದೊಂದು ದಿನ ಬಂದು ಅದೇ ಪುಟಗಳನ್ನು ತಿರುವಿ ಹಾಕುವರೆಂದು ಆತನು ಊಹಿಸಿರಲಾರನು.

ಕೌಂಟಿಯ ಕೇಂದ್ರವಾದ ಲೀಸ್‌ಬರ್ಗ್ ಪಟ್ಟಣಕ್ಕೆ ನಾವಿಬ್ಬರೂ ನಾಲ್ಕು ಸಲ ಹೋದೆವು. ನನ್ನನ್ನು ಕರೆದೊಯ್ದದ್ದಕ್ಕೆ ಕಾರಣವಿತ್ತು. ಹಳೆಯ ಪುಸ್ತಕಗಳೆಲ್ಲ ಲೇಖನಿಯನ್ನು ಮಸಿಯಲ್ಲದ್ದಿ ಬರೆದ ಕೂಡಕ್ಷರಗಳು. ಆಕೆಯ ಕಣ್ಣು ಮಂಜಾಗಿತ್ತು, ಮೊಮ್ಮಕ್ಕಳಿಗೆ ಕೂಡಕ್ಷರವೇ ಬಾರದು. ನಾಲ್ಕು ಗೆರೆಯ ಕಾಪಿ ಪುಸ್ತಕದಲ್ಲಿ ಬೆರಳು ನೋಯುವವರೆಗೆ ಇಂಗ್ಲಿಷ್ ತಿದ್ದಿ ಕಲಿತವನು ನಾನು. ಕಾಪಿ ಬರೆಯದೆ ಬಂದು ನನ್ನಿಂದ ಬೈಸಿಕೊಂಡ ಶಿಷ್ಯರು ಇದನ್ನು ಗಮನಿಸತಕ್ಕದ್ದು!

ಆಕೆಯ ಮುತ್ತಜ್ಜ 1870ರ ಗಣತಿಯಲ್ಲಿ 24 ವರ್ಷದ ಕೂಲಿಗಾರ. ಅದೇ ಮನೆಯಲ್ಲಿ ಅವನ ಹೆಂಡತಿ, 15 ವರ್ಷದ ಒಬ್ಬ ಹುಡುಗಿ, ಸುಮಾರು 45ರ ಒಬ್ಬ ಹೆಂಗಸು. ಆ ಹೆಂಗಸು ಯಾರು? ಯಾರು ಯಾರಿಗೆ ಏನಾಗಬೇಕು ಎಂಬ ಕಾಲಂ ಗಣತಿಯಲ್ಲಿ ಬಂದದ್ದು 1880ರಲ್ಲಿ. ಅಷ್ಟರೊಳಗೆ ಆ ಹೆಂಗಸು ಪಟ್ಟಿಯಿಂದ ಮರೆಯಾಗಿದ್ದಳು. ಆಕೆ ಅತ್ತೆಯೋ, ತಾಯಿಯೋ, ಬಾಡಿಗೆಗೆ ಇದ್ದವಳೋ ಎಂದು ಹೇಳುವ ಆಧಾರವಿರಲಿಲ್ಲ. ಕೌಂಟಿಯ ವಿವಾಹ ಪುಸ್ತಕದಲ್ಲಿ ಆಧಾರ ಸಿಕ್ಕಿತು. ವರ್ಜೀನಿಯಾದಲ್ಲಿ 1853ರಿಂದೀಚೆಗೆ ವಿವಾಹ ನೋಂದಣಿಯಲ್ಲಿ ವಧೂವರರ ತಂದೆತಾಯಿಗಳ ಹೆಸರು ಬರೆಯುವ ಪದ್ಧತಿಯಿದೆ. 1868ರ ಪುಟದಲ್ಲಿ ಮುತ್ತಜ್ಜನ ಹೆಸರಿನ ಮುಂದೆ ತಂದೆಯ ಜಾಗದಲ್ಲಿ ಒಂದು ಅಡ್ಡಗೆರೆ. ತಾಯಿಯ ಜಾಗದಲ್ಲಿ ಆ ಹೆಂಗಸಿನ ಹೆಸರು.

ಅಷ್ಟಕ್ಕೇ ತೃಪ್ತರಾಗಬಹುದಿತ್ತು. ಆಕೆ ಆಗಲಿಲ್ಲ. 1853ರ ಅದೇ ಕಾನೂನಿನಂತೆ ವರ್ಷಕ್ಕೊಮ್ಮೆ ಕಂದಾಯದ ಅಧಿಕಾರಿ ಜನನ ಮರಣಗಳನ್ನು ಬರೆದುಕೊಳ್ಳುತ್ತಿದ್ದನು. ಗುಲಾಮರ ಮಕ್ಕಳು ಹುಟ್ಟಿದರೂ ಬರೆಯುತ್ತಿದ್ದನು, ಒಡೆಯನ ಹೆಸರಿನೊಂದಿಗೆ. ಹದಿನೈದರ ಆ ಹುಡುಗಿ 1855ರಲ್ಲಿ ಹುಟ್ಟಿರಬೇಕಲ್ಲವೇ? ಆ ವರ್ಷದ ಪುಟಗಳಲ್ಲಿ ಮೂರನೆಯ ದಿನ ನನ್ನ ಬೆರಳು ನಿಂತಿತು. ತಾಯಿಯ ಹೆಸರು ಅದೇ, ಮಗುವಿನ ಹೆಸರೂ ಅದೇ. ಒಡೆಯನ ಹೆಸರೂ ಅಲ್ಲಿತ್ತು. ಮುತ್ತಜ್ಜನ ಮನೆತನದ ಹೆಸರಿಗೂ ಆ ಒಡೆಯನ ಹೆಸರಿಗೂ ಸಂಬಂಧವೇ ಇರಲಿಲ್ಲ. ಬಿಡುಗಡೆಯಾದವರು ಕೊನೆಯ ಒಡೆಯನ ಹೆಸರನ್ನೇ ಇಟ್ಟುಕೊಳ್ಳಬೇಕೆಂದೇನೂ ಇರಲಿಲ್ಲ. ಇಷ್ಟು ವರ್ಷ ಹುಡುಕಿದರೂ ಸಿಗದಿದ್ದುದು ಅದರಿಂದಲೇ.

ಒಡೆಯನ ಹೆಸರು ಸಿಕ್ಕ ಮೇಲೆ ದಾರಿ ತೆರೆಯಿತು. ಅವನು 1857ರಲ್ಲಿ ತೀರಿಕೊಂಡಿದ್ದನು. ಆಸ್ತಿವಂತನು ಸತ್ತರೆ ನ್ಯಾಯಾಲಯವು ಕೆಲವರನ್ನು ನೇಮಿಸಿ, ಅವನ ಚರಾಸ್ತಿಗೆ ಬೆಲೆ ಕಟ್ಟಿಸಿ ಪಟ್ಟಿ ಬರೆಸುತ್ತಿತ್ತು. ಉಯಿಲಿನ ಪುಸ್ತಕದಲ್ಲಿ ಆ ಪಟ್ಟಿಯಿತ್ತು. ನೇಗಿಲು, ಕುದುರೆ, ಹಸು, ಕರು, ಗರಿಯ ಹಾಸಿಗೆ, ಗೋಡೆ ಗಡಿಯಾರ, ಅನಂತರ ಮನುಷ್ಯರು. ತಾಯಿ ಮತ್ತು ಕೂಸು ಒಂದು ಸಾಲಿನಲ್ಲಿ, ಹನ್ನೊಂದರ ಹುಡುಗ ಇನ್ನೊಂದು ಸಾಲಿನಲ್ಲಿ. ಪ್ರತಿಯೊಂದು ಸಾಲಿನ ಕೊನೆಗೂ ಡಾಲರಿನಲ್ಲಿ ಬೆಲೆ. ಆ ಅಂಕಿಗಳನ್ನು ನಾನು ಗಟ್ಟಿಯಾಗಿ ಓದಲಿಲ್ಲ, ಇಲ್ಲಿ ಬರೆಯುವುದೂ ಇಲ್ಲ. ಕೆಲವು ಪುಟಗಳ ಮುಂದೆ ವಾರಸುದಾರರ ನಡುವೆ ಆದ ಪಾಲು. ತಾಯಿ ಮತ್ತು ಕೂಸು ಒಬ್ಬ ಮಗನಿಗೆ. ಹುಡುಗ ಬೇರೆ ಕೌಂಟಿಗೆ ಮದುವೆಯಾಗಿ ಹೋಗಿದ್ದ ಮಗಳಿಗೆ.

ಆಕೆ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ಚೀಲದಿಂದ 1870ರ ಗಣತಿಯ ಪ್ರತಿಯನ್ನು ತೆಗೆದು ಉಯಿಲಿನ ಪುಸ್ತಕದ ಪಕ್ಕದಲ್ಲಿಟ್ಟು, “ನೋಡಿ ಮೇಷ್ಟ್ರೇ, ಅವನು ಹಿಂದಿರುಗಿ ಬಂದಿದ್ದಾನೆ” ಎಂದರು. 1857ರಲ್ಲಿ ಬೇರೆಬೇರೆ ಕಡೆಗೆ ಹಂಚಿಹೋದ ಮೂವರೂ 1870ರಲ್ಲಿ ಒಂದೇ ಸೂರಿನಡಿ ಇದ್ದರು. ಹೇಗೆ ಹುಡುಕಿಕೊಂಡರು, ಯಾರು ಯಾರ ಬಳಿಗೆ ನಡೆದು ಬಂದರು ಎಂಬುದನ್ನು ಯಾವ ಕಡತವೂ ಹೇಳುವುದಿಲ್ಲ. ಇಷ್ಟು ದಿನ ಎಲ್ಲ ಗಣತಿ ಹಾಳೆಗಳಂತೆ ಒಂದಾಗಿ ಕಂಡಿದ್ದ ಆ ಹಾಳೆಯನ್ನು ಆಕೆ ಈಗ ಚೌಕಟ್ಟು ಹಾಕಿಸಿ ಮನೆಯ ಗೋಡೆಗೆ ತೂಗುಹಾಕಿದ್ದಾರೆ.

ಆ ತಂದೆಯ ಜಾಗದ ಅಡ್ಡಗೆರೆಯ ಬಗ್ಗೆ ಎರಡು ಮಾತು ಹೇಳಬೇಕು. 1662ರಲ್ಲಿ ವರ್ಜೀನಿಯಾದ ಶಾಸನಸಭೆ, ಮಗುವಿನ ಸ್ಥಿತಿ ತಾಯಿಯ ಸ್ಥಿತಿಯಂತೆಯೇ ಎಂದು ಕಾನೂನು ಮಾಡಿತು. ತಾಯಿ ಗುಲಾಮಳಾದರೆ ತಂದೆ ಯಾರೇ ಆಗಿರಲಿ ಮಗು ಗುಲಾಮ. ಆದ್ದರಿಂದ ಒಡೆಯರಿಗೆ ತಾಯಿಯ ಹೆಸರು ಬೇಕಿತ್ತು, ತಂದೆಯದು ಬೇಕಿರಲಿಲ್ಲ. ಇದನ್ನು ಕೇಳಿದಾಗ ನನಗೆ ನಮ್ಮ ಮನೆಗೆ ಬರುತ್ತಿದ್ದ ಹೆಳವನ ನೆನಪಾಯಿತು. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕುಳಿತು ಬಂದು, ಅಂಗಳದಲ್ಲಿ ನಿಂತು ನಮ್ಮ ಮನೆತನದ ಏಳು ತಲೆಮಾರುಗಳನ್ನು ಒಂದೇ ಉಸಿರಿಗೆ ಹೇಳಿ, ಕಾಳು ಬಟ್ಟೆ ಪಡೆದು ಹೋಗುತ್ತಿದ್ದನು. ಅಪ್ಪ ಹೆಮ್ಮೆಯಿಂದ ಕೇಳುತ್ತಿದ್ದರು. ಆ ಏಳು ತಲೆಮಾರುಗಳಲ್ಲಿ ಒಂದು ಹೆಣ್ಣಿನ ಹೆಸರೂ ಇರಲಿಲ್ಲ. ನಾನು ಸೇವೆ ಸಲ್ಲಿಸಿದ ಶಾಲೆಗಳ ಹಳೆಯ ದಾಖಲಾತಿ ಪುಸ್ತಕಗಳಲ್ಲಿಯೂ ತಂದೆಯ ಹೆಸರಿಗೆ ಕಾಲಂ ಇತ್ತು, ತಾಯಿಗೆ ಇರಲಿಲ್ಲ. ಅಲ್ಲಿ ಹೆಂಗಸು ಸ್ವತಃ ಆಸ್ತಿಯಾಗಿದ್ದುದರಿಂದ ಹೆಸರು ಉಳಿಯಿತು. ಇಲ್ಲಿ ಹೆಂಗಸಿಗೆ ಆಸ್ತಿಯಿಲ್ಲದ್ದರಿಂದ ಹೆಸರು ಅಳಿಯಿತು. 1994ರ ಕರ್ನಾಟಕದ ತಿದ್ದುಪಡಿ, ಬಳಿಕ 2005ರ ಕೇಂದ್ರದ ತಿದ್ದುಪಡಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲು ಕೊಟ್ಟ ಮೇಲೆ ನಮ್ಮ ಮನೆಯ ವಂಶವೃಕ್ಷದ ಪತ್ರದಲ್ಲಿ ಅಕ್ಕಂದಿರ ಹೆಸರುಗಳು ಕಾಣಿಸಿಕೊಂಡವು. ಅವರು ಹುಟ್ಟಿ ಆಗಲೇ ಅರವತ್ತು ವರ್ಷಗಳು ಕಳೆದಿದ್ದವು!

ನಮ್ಮಲ್ಲಿ ಜನಗಣತಿಯ ಹಾಳೆಗಳನ್ನು ಹುಡುಕುವ ಮಾತೇ ಇಲ್ಲ. 1948ರ ಕಾಯಿದೆಯಂತೆ ಅವು ಯಾರ ಪರಿಶೀಲನೆಗೂ ತೆರೆದಿಲ್ಲ. ಉಪನೋಂದಣಿ ಕಛೇರಿಯ ಪತ್ರಗಳಲ್ಲಿ ಜಮೀನು ಕೊಂಡವರ, ಮಾರಿದವರ ಹೆಸರುಗಳು ಸಿಗುತ್ತವೆ. ಒಲೆಯ ಮುಂದೆ ಕುಳಿತವರ ಹೆಸರು ಸಿಗುವುದು ಅಪರೂಪ. ಇನ್ನುಳಿದಿರುವುದು ಹಿರಿಯರ ನೆನಪೊಂದೇ. ಆದ್ದರಿಂದ ಬಂಧುಗಳಲ್ಲಿ ಈ ವಿನಂತಿ. ನಮ್ಮ ತಂದೆಯವರ ಅಜ್ಜಿಯನ್ನು ಊರೆಲ್ಲ ‘ಹಡಗಲಿಯವ್ವ’ ಎಂದು ಕರೆಯುತ್ತಿತ್ತು. ಅದು ತವರಿನ ಕಡೆಯ ಗುರುತು, ಹೆಸರಲ್ಲ. ಹಡಗಲಿ ತಾಲ್ಲೂಕಿನಲ್ಲಿ ಯಾವ ಊರಿನವಳು, ತಂದೆತಾಯಿ ಇಟ್ಟ ಹೆಸರೇನು ಎಂಬುದು ಗೊತ್ತಿದ್ದವರು ದಯವಿಟ್ಟು ಬರೆದು ತಿಳಿಸಿರಿ. ದಾವಣಗೆರೆಯ ಸೋದರತ್ತೆಗೆ ಈಗ ತೊಂಬತ್ತೆರಡು ವರ್ಷ, ನೆನಪು ಇನ್ನೂ ಚೆನ್ನಾಗಿದೆ. ಬರುವ ಅಮಾವಾಸ್ಯೆ ಕಳೆದ ಮೇಲೆ ಒಂದು ನೋಟ್‌ಬುಕ್ ಹಿಡಿದು ಅವರ ಬಳಿಗೆ ಹೋಗುವವನಿದ್ದೇನೆ. ಜೊತೆಗೆ ಬರುವವರು ಮುಂಚಿತವಾಗಿ ಹೇಳಿದರೆ ಅನುಕೂಲ.