ಟಿ.ವಿ.ಗೆ ತಂತಿ ಎಳೆದದ್ದು

ಕನ್ನಡ ಮೇಷ್ಟರ ಮನೆಯಲ್ಲಿ ಯಂತ್ರಗಳಿಗೆ ಮರ್ಯಾದೆ ಕಡಿಮೆ ಎಂಬ ಅಪವಾದವಿದೆ. ಅದು ಪೂರ್ತಿ ಸುಳ್ಳಲ್ಲ. ನಮ್ಮ ಮನೆಯ ಗೋಡೆ ಗಡಿಯಾರ ಹತ್ತು ನಿಮಿಷ ಮುಂದೆ ಹೋಗಿ ವರ್ಷಗಳಾದುವು. ಅದನ್ನು ಸರಿಪಡಿಸುವ ಬದಲು ಮನೆಮಂದಿಯೆಲ್ಲ ಹತ್ತು ಕಳೆದು ಓದುವ ಅಭ್ಯಾಸ ಮಾಡಿಕೊಂಡಿದ್ದೇವೆ. ಇಂಥ ನಾನು ಕಳೆದ ತಿಂಗಳು ಒಂದು ಇಡೀ ಭಾನುವಾರ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ, ಕನ್ನಡಕವನ್ನು ಹಣೆಗೇರಿಸಿಕೊಂಡು, ಎಂಟು ಬಣ್ಣದ ಎಳೆಗಳನ್ನು ಒಂದು ಪುಟ್ಟ ಪ್ಲಾಸ್ಟಿಕ್ ಗೂಡಿನೊಳಕ್ಕೆ ತೂರಿಸಲು ಹೆಣಗಿದೆನೆಂದರೆ ನನ್ನ ಸಹೋದ್ಯೋಗಿಗಳು ನಂಬುವುದಿಲ್ಲ. ನಂಬದಿದ್ದರೆ ಬಿಡಲಿ. ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ.

ನಮ್ಮದು ಮೈಸೂರಿನ ಹಳೆಯ ಮನೆ. ಗೋಡೆಗಳು ಒಂದೂವರೆ ಅಡಿ ದಪ್ಪ. ಬೇಸಗೆಯಲ್ಲಿ ತಂಪು, ಚಳಿಗಾಲದಲ್ಲಿ ಬೆಚ್ಚಗೆ. ಬೀದಿಯ ಗಲಾಟೆ ಒಳಗೆ ಬರುವುದಿಲ್ಲ, ನಮ್ಮ ಗಲಾಟೆ ಹೊರಗೆ ಹೋಗುವುದಿಲ್ಲ. ಇಂಟರ್‌ನೆಟ್ಟಿನ ರೂಟರ್ ಬೀದಿ ಕಡೆಯ ನನ್ನ ಓದುವ ಕೋಣೆಯಲ್ಲಿದೆ. ಟಿ.ವಿ. ಇರುವುದು ಹಿತ್ತಲ ಕಡೆಯ ಅಮ್ಮನ ಕೋಣೆಯಲ್ಲಿ. ಇವೆರಡರ ನಡುವೆ ಹಜಾರ, ಅಡುಗೆಮನೆ, ಮೂರು ಗೋಡೆ, ಒಂದು ಕಬ್ಬಿಣದ ಬೀರು. ವೈಫೈ ಎಂಬ ಅಲೆ ಇಷ್ಟನ್ನೂ ದಾಟಿ ಅಮ್ಮನನ್ನು ತಲುಪುವ ಹೊತ್ತಿಗೆ ಏದುಸಿರು ಬಿಡುತ್ತಿತ್ತು.

ಅಮ್ಮನಿಗೆ ಧಾರಾವಾಹಿಗಳ ಹುಚ್ಚಿಲ್ಲ. ಆಕೆ ನೋಡುವುದು ಒಂದೇ. ಸಂಜೆ ಏಳು ಗಂಟೆಗೆ, ದೇವರಿಗೆ ದೀಪ ಹಚ್ಚಿದ ಮೇಲೆ, ಅಪ್ಪನ ಗಮಕ. ನನ್ನ ತಂದೆ ಪ್ರೌಢಶಾಲೆಯ ಉಪಾಧ್ಯಾಯರಾಗಿದ್ದರು; ನಿವೃತ್ತರಾದ ಮೇಲೆ ಕುಮಾರವ್ಯಾಸನನ್ನು ಹಿಡಿದುಕೊಂಡರು. 2014ರಲ್ಲಿ ನಮ್ಮ ಬಡಾವಣೆಯ ಸಂಘದವರು ಅವರಿಂದ ಹನ್ನೊಂದು ಸಂಜೆ ವಾಚನ ಮಾಡಿಸಿ, ಅದನ್ನೆಲ್ಲ ಚಿತ್ರಿಸಿ ಯೂಟ್ಯೂಬಿಗೆ ಏರಿಸಿದರು. ಅಪ್ಪ ತೀರಿಕೊಂಡದ್ದು 2022ರಲ್ಲಿ. ಅಂದಿನಿಂದ ಆ ಹನ್ನೊಂದು ಸಂಜೆಗಳೇ ಅಮ್ಮನ ಸಂಜೆಗಳಾದುವು. ನೋಡಿದವರ ಸಂಖ್ಯೆ ಕೆಳಗೆ ಬರುತ್ತದಲ್ಲ, ಅದನ್ನು ಓದಿ ಹೇಳಬೇಕು. "ಓ, ಮತ್ತೆ ನಾಲ್ಕು ಜನ ನೋಡಿದಾರೆ!" ಎಂದು ಆಕೆಗೆ ಹಿಗ್ಗು. ಆ ನಾಲ್ಕು ಜನವೂ ತಾನೇ ಎಂದು ನಾವು ಯಾರೂ ಹೇಳಿಲ್ಲ. ಅದನ್ನೆಲ್ಲ ಇಳಿಸಿ ಒಂದು ಪೆನ್‌ಡ್ರೈವಿನಲ್ಲಿ ಹಾಕಿಕೊಡಬಹುದಿತ್ತಲ್ಲ ಎಂದು ಬುದ್ಧಿವಂತ ಓದುಗರು ಕೇಳಬಹುದು. ನನ್ನ ಮಗನೂ ಕೇಳಿದ. ಆದರೆ ಪೆನ್‌ಡ್ರೈವಿಗೆ ನೋಡುವ ಜನ ಎಲ್ಲಿ?

ತೊಂದರೆಯೆಂದರೆ, ವಾಚನ ನಡುನಡುವೆ ನಿಂತುಬಿಡುತ್ತಿತ್ತು. ಷಟ್ಪದಿಯ ಮೂರನೆಯ ಪಾದ ಮುಗಿಯುವ ಮೊದಲೇ ಅಪ್ಪ ಕೈ ಎತ್ತಿ, ಬಾಯಿ ಅರ್ಧ ತೆರೆದು ಹಾಗೇ ನಿಲ್ಲುತ್ತಿದ್ದರು. ಅವರ ಮುಖದ ಮೇಲೆ ಒಂದು ಬಿಳಿಯ ಚಕ್ರ ಗಿರ್ರನೆ ತಿರುಗುತ್ತಿತ್ತು. ಅರ್ಧ ನಿಮಿಷ, ಒಂದು ನಿಮಿಷ, ಆಮೇಲೆ ಮುಂದುವರಿಯುತ್ತಿತ್ತು. ನಾನೇನೋ ಇದು ವೇಗದ ಪ್ರಶ್ನೆ ಎಂದುಕೊಂಡೆ. ಇಂಟರ್‌ನೆಟ್ ಒದಗಿಸುವವರಿಗೆ ಫೋನು ಮಾಡಿದೆ. ಅವರೂ ಬಹಳ ಸಂತೋಷದಿಂದ ಅದು ವೇಗದ ಪ್ರಶ್ನೆಯೇ ಎಂದರು. 50 ಎಂಬಿಪಿಎಸ್ ಇದ್ದದ್ದನ್ನು 100 ಮಾಡಿಸಿಕೊಂಡೆ. ತಿಂಗಳ ಬಾಡಿಗೆ ಏರಿತು. ಅಪ್ಪ ಮಾತ್ರ ಮೊದಲಿನಂತೆಯೇ ನಿಲ್ಲುತ್ತಿದ್ದರು.

ಒಂದು ದಿನ ನೋಡುತ್ತೇನೆ, ಏಳು ಗಂಟೆಗೆ ಅಮ್ಮನ ಕೋಣೆಯಲ್ಲಿ ಸದ್ದಿಲ್ಲ. ಮರುದಿನವೂ ಇಲ್ಲ. "ಯಾಕಮ್ಮ, ಇವತ್ತು ನೋಡಲಿಲ್ಲ?" ಎಂದೆ. "ಕಣ್ಣು ಉರಿ ಕಣೋ, ಬೇಡ" ಎಂದಳು. ವಾರ ಕಳೆಯಿತು, ಕಣ್ಣಿನ ಉರಿ ಹೋಗಲಿಲ್ಲ. ವೈದ್ಯರಲ್ಲಿಗೆ ಹೋಗೋಣವೆಂದರೆ ಅದೂ ಬೇಡ. ಕೊನೆಗೆ ನಿಜವನ್ನು ಹೇಳಿದ್ದು ನನಗಲ್ಲ, ನನ್ನ ಹೆಂಡತಿಗೆ. ಸೊಪ್ಪು ಬಿಡಿಸುತ್ತ ಕುಳಿತಾಗ. "ಅವರು ಹಾಗೆ ಬಾಯಿ ತೆರೆದು ನಿಂತುಬಿಟ್ಟರೆ ನನಗೆ ಆ ವರ್ಷ ಜ್ಞಾಪಕಕ್ಕೆ ಬರುತ್ತಮ್ಮ."

ಆ ವರ್ಷವೆಂದರೆ 2021. ಅಪ್ಪನಿಗೆ ಲಕ್ವ ಹೊಡೆದ ವರ್ಷ. ಕೈಕಾಲು ಬಹುಮಟ್ಟಿಗೆ ಸುಧಾರಿಸಿತು, ಮಾತು ಸುಧಾರಿಸಲಿಲ್ಲ. ಏನನ್ನೋ ಹೇಳಹೊರಟವರು ನಡುವೆ ನಿಲ್ಲುತ್ತಿದ್ದರು. ಎತ್ತಿದ ಕೈ ಎತ್ತಿದಂತೆಯೇ ಇರುತ್ತಿತ್ತು. ಸಾವಿರಾರು ಪದ್ಯಗಳು ಬಾಯಲ್ಲಿದ್ದ ಮನುಷ್ಯ, 'ನೀರು' ಎಂಬ ಒಂದು ಮಾತಿಗಾಗಿ ಹುಡುಕುತ್ತಿದ್ದರು. ನಾವೆಲ್ಲ ಆತುರಪಟ್ಟು "ನೀರಾ? ಕಾಫಿಯಾ? ಪೇಪರಾ?" ಎಂದು ಕೇಳುತ್ತಿದ್ದೆವು. ಅಮ್ಮ ಮಾತ್ರ ಕೇಳುತ್ತಿರಲಿಲ್ಲ. ಎದುರಿಗೆ ಕುಳಿತು ಕಾಯುತ್ತಿದ್ದಳು. ಕೆಲವು ದಿನ ಆ ಮಾತು ಬರುತ್ತಿತ್ತು. ಕೆಲವು ದಿನ ಬರುತ್ತಿರಲಿಲ್ಲ.

ಇದನ್ನು ಹೆಂಡತಿ ಹೇಳಿದಾಗ ನನಗೆ ನಾಚಿಕೆಯಾಯಿತು. ಎರಡು ತಿಂಗಳಿನಿಂದ ನಾನು ಆ ಕೋಣೆಯಲ್ಲಿ ನಿಂತು 'ಪ್ಲಾನು', 'ಸ್ಪೀಡು' ಎಂದು ಮಾತಾಡುತ್ತಿದ್ದೆನಲ್ಲ!

ಆಗ ನೆನಪಾದವನು ನನ್ನ ಹಳೆಯ ವಿದ್ಯಾರ್ಥಿಯೊಬ್ಬ. ಪಾಪ, ಛಂದಸ್ಸಿನಲ್ಲಿ ಎರಡು ಸಲ ನಪಾಸಾಗಿ ಕಾಲೇಜು ಬಿಟ್ಟ ಹುಡುಗ. ಈಗ ಆಫೀಸುಗಳಿಗೆ ಕಂಪ್ಯೂಟರ್ ತಂತಿ ಎಳೆಯುವ ಕಸುಬಿನಲ್ಲಿ ನನಗಿಂತ ಚೆನ್ನಾಗಿಯೇ ಇದ್ದಾನೆ. ಬಂದವನು ಮನೆಯನ್ನೊಮ್ಮೆ ಸುತ್ತಿ, ಗೋಡೆಯನ್ನು ಗುದ್ದಿ ನೋಡಿ, "ಸಾರ್, ಈ ವಿಡಿಯೋಗೆ ಎಷ್ಟು ಸ್ಪೀಡ್ ಬೇಕು ಗೊತ್ತಾ? ಹಳೇ ಕ್ಯಾಮೆರಾದ್ದು, ಎರಡು ಎಂಬಿಪಿಎಸ್ ಧಾರಾಳ. ನೀವು ನೂರು ತಂದಿಟ್ಟಿದೀರಿ. ನಿಮಗೆ ಬೇಕಾದ್ದು ಸ್ಪೀಡ್ ಅಲ್ಲ, ನಿಲ್ಲದೆ ಬರೋದು" ಎಂದ. ಆಮೇಲೆ ಅವನು ನನಗೆ ಪಾಠ ಮಾಡಿದ. ನಾನು ಕೈಕಟ್ಟಿ ಕೇಳಿದೆ. ನಮ್ಮ ಟಿ.ವಿ. ಹಿಡಿಯುತ್ತಿದ್ದ ವೈಫೈ ಅಲೆ ಸೆಕೆಂಡಿಗೆ ಸುಮಾರು 240 ಕೋಟಿ ಸಲ ಕಂಪಿಸುವಂಥದು. ಅಕ್ಕಪಕ್ಕದ ಮನೆಗಳ ವೈಫೈಗಳದ್ದೂ ಅದೇ ದಾರಿ. ಅಡುಗೆಮನೆಯ ಮೈಕ್ರೋವೇವ್ ಒಲೆಯದ್ದೂ ಹೆಚ್ಚುಕಡಿಮೆ ಅದೇ ಅಲೆ. ಇದಕ್ಕಿಂತ ಚುರುಕಾದ ಇನ್ನೊಂದು ಅಲೆಯೂ ಉಂಟು. ಆದರೆ ಅದು ಗೋಡೆ ಕಂಡರೆ ಇನ್ನೂ ಬೇಗ ಸೋಲುತ್ತದೆ. ನನ್ನ ಹೆಂಡತಿ ಬಾಗಿಲಲ್ಲಿ ನಿಂತು ಕೇಳುತ್ತಿದ್ದವಳು, "ಏಳು ಗಂಟೆಗೇ ಅಲ್ಲವೆ ನಾನು ಅತ್ತೆಗೆ ಹಾಲು ಬಿಸಿಗಿಡೋದು?" ಎಂದಳು. ಅಮ್ಮನ ಹಾಲೂ ಅಪ್ಪನ ಮಾತಿಗೆ ಅಡ್ಡ ಬರುತ್ತಿತ್ತು. ಅಂದಿನಿಂದ ಹಾಲು ಗ್ಯಾಸಿನ ಒಲೆಗೆ ಹೋಯಿತು. ಅಪ್ಪ ನಿಲ್ಲುವುದು ಅರ್ಧಕ್ಕೆ ಇಳಿಯಿತು. ಆದರೆ ನೆರೆಮನೆಯವರ ವೈಫೈಗೆ ನಾವು ಏನು ಹೇಳಲು ಸಾಧ್ಯ?

"ತಂತಿ ಎಳೆದುಬಿಡೋಣ ಸಾರ್" ಎಂದ ಹುಡುಗ. ಟಿ.ವಿ.ಯ ಬೆನ್ನಲ್ಲಿ ಅದಕ್ಕೊಂದು ಕಿಂಡಿ ಇದೆಯೇ ಎಂದು ಮೊದಲು ನೋಡಿದ. ಕೆಲವು ಅಗ್ಗದ ಟಿ.ವಿ.ಗಳಲ್ಲಿ ಇರುವುದಿಲ್ಲವಂತೆ. ನಮ್ಮದರಲ್ಲಿತ್ತು. ಅಳೆದ: 22 ಮೀಟರ್. ಒಂದು ತಂತಿ 100 ಮೀಟರಿನವರೆಗೂ ಹೋಗಬಹುದು, ಚಿಂತೆಯಿಲ್ಲ. ಆದರೆ ಒಂದೂವರೆ ಅಡಿ ಗೋಡೆಗಳನ್ನು ಕೊರೆಯುವುದು ಬೇಡ. ನನ್ನ ಕೋಣೆಯ ಕಿಟಕಿಯಿಂದ ಹೊರಕ್ಕೆ ತೆಗೆದು, ಸೂರಿನ ಕೆಳಗೆ ಬಿಸಿಲು ತಾಗದಂತೆ ಕೊಳವೆಯೊಳಗೆ ನಡೆಸಿ, ವಿದ್ಯುತ್ತಿನ ತಂತಿಯ ಸಹವಾಸವಿಲ್ಲದ ಕಡೆಯಿಂದ ಅಮ್ಮನ ಕೋಣೆಗೆ ಇಳಿಸುವುದು ಎಂದಾಯಿತು.

ಅಲ್ಲಿ, ಕಿಟಕಿಯ ಚೌಕಟ್ಟಿನ ಮೂಲೆಯಲ್ಲಿ, ಆಗಲೇ ಒಂದು ತೂತು ಇತ್ತು! ಹಳೆಯ ಬಟ್ಟೆ ತುರುಕಿ ಮುಚ್ಚಿದ್ದ ತೂತು. ನೋಡಿದ ಕೂಡಲೆ ನನಗೆ ಗುರುತು ಹತ್ತಿತು. ನಾನು ಎಂಟು ವರ್ಷದವನಾಗಿದ್ದಾಗ ನಮ್ಮ ಮನೆಗೆ ಮೊದಲ ಟಿ.ವಿ. ಬಂತು. ಮಹಡಿಯ ಮೇಲಿನ ಆಂಟೆನಾದಿಂದ ತಂತಿ ಒಳಗೆ ತರಲು ಅಪ್ಪ ಕೈಯಲ್ಲಿ ಕೊರೆದ ತೂತು ಅದು. ಅವರು ಮೇಲೆ ನಿಂತು ಆಂಟೆನಾ ತಿರುಗಿಸುತ್ತ "ಬಂತೇನೋ?" ಎಂದು ಕೂಗುವರು, ನಾನು ಕೆಳಗಿನಿಂದ "ಇಲ್ಲ… ಇಲ್ಲ… ಬಂತು! ಅಯ್ಯೋ, ಹೋಯ್ತು!" ಎಂದು ಕಿರುಚುವೆನು. ನನ್ನ ವಯಸ್ಸಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ತೂತು ಸಣ್ಣದು. ಅಂಗಡಿಯಲ್ಲಿ ಎರಡೂ ತುದಿಗೆ ಮೂತಿ ಕೂರಿಸಿದ ತಂತಿ ಸಿಗುತ್ತದೆ. ಆದರೆ ಆ ಮೂತಿ ಇದರೊಳಗೆ ತೂರುವುದಿಲ್ಲ. ದೊಡ್ಡದು ಮಾಡಲೇ ಎಂದು ಹುಡುಗ ಕೇಳಿದ. ಬೇಡವೆಂದೆ. ಹಾಗಾದರೆ ಬರಿಯ ತಂತಿಯನ್ನು ತೂರಿಸಿ ಆಮೇಲೆ ಮೂತಿ ಕೂರಿಸಬೇಕು ಎಂದ. ರೂಟರಿನ ಕಡೆಯದನ್ನು ತಾನು ಮಾಡಿ ತೋರಿಸಿದ. ಅಷ್ಟರಲ್ಲಿ ಅವನಿಗೆ ಎಲ್ಲಿಂದಲೋ ತುರ್ತು ಕರೆ ಬಂತು. ಟಿ.ವಿ. ಕಡೆಯದನ್ನು ನಾನೇ ಮಾಡುತ್ತೇನೆಂದು ಹೇಳಿ ಅವನ ಇಕ್ಕಳವನ್ನು ಇಟ್ಟುಕೊಂಡೆ.

ಆ ತಂತಿಯನ್ನು ಸುಲಿದು ನೋಡಬೇಕು, ಸೊಗಸಾಗಿದೆ. ಒಳಗೆ ಎಂಟು ಎಳೆ. ಎರಡೆರಡಾಗಿ ಹೆಣೆದುಕೊಂಡ ನಾಲ್ಕು ಜೋಡಿ. ಕಿತ್ತಳೆ, ಹಸಿರು, ನೀಲಿ, ಕಂದು. ಪ್ರತಿಯೊಂದಕ್ಕೂ ಬಿಳಿ ಪಟ್ಟೆಯ ಜೊತೆಗಾರ. ಹೊರಗಿನ ಗದ್ದಲ ಬಂದು ಬಡಿದರೆ ಹೆಣೆದುಕೊಂಡ ಇಬ್ಬರಿಗೂ ಒಂದೇ ಸಮ ಬಡಿಯುತ್ತದೆ. ಆ ಕೊನೆಯಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳುವುದು ಇಬ್ಬರ ನಡುವಿನ ವ್ಯತ್ಯಾಸವನ್ನು ಮಾತ್ರವಾದ್ದರಿಂದ ಗದ್ದಲ ಕಳೆದುಹೋಗಿ ಮಾತು ಉಳಿಯುತ್ತದೆ. ಟೆಲಿಫೋನಿನ ಗ್ರಹಾಂ ಬೆಲ್ 1881ರಲ್ಲೇ ಈ ಹೆಣಿಗೆಗೆ ಪೇಟೆಂಟ್ ಪಡೆದಿದ್ದ.

ಮೂತಿಯೊಳಗೆ ಈ ಎಳೆಗಳು ಕೂರುವುದಕ್ಕೆ ಒಂದು ಕ್ರಮವಿದೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಹುಡುಗ ಹೇಳಿಯೇ ಹೋಗಿದ್ದ. ಆದರೆ ಮೂವತ್ತು ಜನರಿಗೆ ಗಣವಿಭಾಗ ಕಲಿಸಿದ ಅಹಂಕಾರ ನನ್ನದು. ಹಸಿರಿನ ಜೋಡಿಯ ನಡುವೆ ನೀಲಿಯ ಜೋಡಿ ನುಗ್ಗುವುದು ಎಂಥ ಅನ್ಯಾಯ, ಹುಡುಗ ಬಾಯಿ ತಪ್ಪಿ ಹೇಳಿರಬೇಕು ಎಂದುಕೊಂಡು ದಂಪತಿಗಳನ್ನು ಅಕ್ಕಪಕ್ಕದಲ್ಲೇ ಕೂರಿಸಿಬಿಟ್ಟೆ. ಇಕ್ಕಳ ಒತ್ತಿ, ಮೂತಿಯನ್ನು ಟಿ.ವಿ.ಗೆ ಸಿಕ್ಕಿಸಿದರೆ, 'ತಂತಿ ಜೋಡಿಸಿಲ್ಲ' ಎಂದಿತು ಟಿ.ವಿ. ಫೋನಿನಲ್ಲಿ ಹುಡುಗ ನಕ್ಕ. "ಕ್ರಮ ತಪ್ಪಿಸಿದೀರಿ ಸಾರ್. ಟಿ.ವಿ. ನೋಡೋದು ಒಂದು, ಎರಡು, ಮೂರು, ಆರು. ಈ ನಾಲ್ಕೇ ಎಳೆ. ಹಸಿರು ಆರನೇ ಮನೇಲೇ ಇರಬೇಕು. ದೂರ ಕೂತರೂ ಅವು ಜೋಡಿನೇ ಸಾರ್." ಛಂದಸ್ಸಿನಲ್ಲಿ ನಪಾಸಾದವನಿಂದ ಈ ಮಾತು ಕೇಳಬೇಕಾಯಿತು. ಮೂತಿಯನ್ನು ಕತ್ತರಿಸಿ ಬಿಸಾಡಿ, ಎರಡನೆಯದನ್ನು ಅವನು ಹೇಳಿದಂತೆ ಕೂರಿಸಿದೆ. ಕಿಂಡಿಯ ಪಕ್ಕದಲ್ಲಿ ಒಂದು ಪುಟ್ಟ ಹಸಿರು ದೀಪ ಮಿನುಗಿತು. ಟಿ.ವಿ.ಯ ಸೆಟ್ಟಿಂಗಿನಲ್ಲಿ ವೈಫೈ ಬದಲು ಈಥರ್ನೆಟ್ ಎಂಬುದನ್ನು ಆರಿಸಿದೆ. ಉಳಿದದ್ದನ್ನು ಅದೇ ನೋಡಿಕೊಂಡಿತು. ಗುಪ್ತಪದವನ್ನು ಕೂಡ ಕೇಳಲಿಲ್ಲ.

ಈಥರ್ನೆಟ್ ಎಂಬ ಹೆಸರು ವಿಚಿತ್ರ. 1973ರಲ್ಲಿ ಅಮೆರಿಕದ ರಾಬರ್ಟ್ ಮೆಟ್‌ಕಾಫ್ ಕೊಟ್ಟದ್ದು. ಹವಾಯಿ ದ್ವೀಪಗಳ ಕಂಪ್ಯೂಟರುಗಳು ರೇಡಿಯೋ ಅಲೆಯಲ್ಲಿ ಮಾತಾಡಿಕೊಳ್ಳುತ್ತಿದ್ದ ರೀತಿಯನ್ನು ನೋಡಿ, ಅದನ್ನೇ ತಂತಿಯೊಳಗೆ ತಂದ. ಬೆಳಕು ಹರಿಯಲು ಜಗತ್ತನ್ನೆಲ್ಲ ತುಂಬಿರುವ ಸೂಕ್ಷ್ಮವಸ್ತುವೊಂದು ಇದೆಯೆಂದು ಹಿಂದಿನ ವಿಜ್ಞಾನಿಗಳು ನಂಬಿದ್ದರಲ್ಲ, ಆ ಈಥರ್. ನಮ್ಮವರಾದರೆ ಆಕಾಶ ಎನ್ನುತ್ತಿದ್ದರು. ಶಬ್ದವು ಆಕಾಶದ ಗುಣವೆಂದು ತರ್ಕಶಾಸ್ತ್ರದವರು ಹೇಳುತ್ತಾರೆ. ನಮ್ಮ ಮೈಸೂರಿನಲ್ಲಿ 1935ರಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವೊಂದನ್ನು ಆರಂಭಿಸಿದಾಗ ಅದಕ್ಕೆ ಬಂದ ಹೆಸರೂ ಆಕಾಶವಾಣಿಯೇ. ತಂತಿಯಿಲ್ಲದ್ದಕ್ಕೂ ಆಕಾಶ, ತಂತಿಗೂ ಆಕಾಶ! ಯಾವುದರಲ್ಲಿ ಬಂದರೇನು, ಹೇಳಿದ್ದು ಕೇಳುವವರನ್ನು ಮುಟ್ಟಬೇಕು, ಅಷ್ಟೆ.

ಸಂಜೆ ಏಳಾಯಿತು. ದೀಪ ಹಚ್ಚಿಯಾಯಿತು. ಅಮ್ಮನನ್ನು ಕರೆದು ಕುರ್ಚಿಯಲ್ಲಿ ಕೂರಿಸಿದೆ. "ಕಣ್ಣು ಉರಿ…" ಎಂದು ಶುರುಮಾಡಿದವಳು ನನ್ನ ಮುಖ ನೋಡಿ ಸುಮ್ಮನಾದಳು. ಕರ್ಣಭೇದನದ ಸಂಜೆಯನ್ನು ಹಾಕಿದೆ. ಅಪ್ಪ ಶಾಲು ಸರಿಪಡಿಸಿಕೊಂಡು, ಗಂಟಲು ಸರಿಮಾಡಿಕೊಂಡು ಆರಂಭಿಸಿದರು. ಒಂದು ಪದ್ಯವಾಯಿತು, ಎರಡಾಯಿತು, ಹತ್ತಾಯಿತು. ಯಾವಾಗಲೂ ನಿಲ್ಲುತ್ತಿದ್ದ ಕಡೆಗಳನ್ನೆಲ್ಲ ಲೀಲಾಜಾಲವಾಗಿ ದಾಟಿದರು. ನಾನು ಟಿ.ವಿ.ಯನ್ನು ನೋಡುತ್ತಿರಲಿಲ್ಲ, ಆ ಹಸಿರು ದೀಪವನ್ನು ನೋಡುತ್ತಿದ್ದೆ.

ಇದ್ದಕ್ಕಿದ್ದಂತೆ ಅಪ್ಪನ ಧ್ವನಿ ನಿಂತಿತು. ನನಗೆ ಎದೆ ಧಸಕ್ಕೆಂದಿತು. ಎದ್ದು ತಂತಿಯ ಕಡೆಗೆ ಕೈ ಚಾಚಿದೆ.

"ಸುಮ್ಮನಿರೋ" ಎಂದಳು ಅಮ್ಮ, ಕಣ್ಣು ತೆಗೆಯದೆ. "ಅದು ಅವರೇ ನಿಲ್ಲಿಸಿದ್ದು. ನೀರು ಕುಡಿತಾರೆ."

ತಿರುಗಿ ನೋಡಿದೆ. ಅಪ್ಪ ಪಕ್ಕದಲ್ಲಿದ್ದ ಲೋಟ ಎತ್ತಿಕೊಂಡು ನಿಧಾನವಾಗಿ ಎರಡು ಗುಟುಕು ಕುಡಿದರು. ಲೋಟವನ್ನು ಕೆಳಗಿಟ್ಟು, ಮುಂದಿನ ಸಾಲಿನಲ್ಲಿ ಯಾರನ್ನೋ ನೋಡಿ ನಕ್ಕು, ಬಿಟ್ಟಲ್ಲಿಂದಲೇ ಹಿಡಿದುಕೊಂಡರು.